ಸಮುದ್ರಕ್ಕೆ ಹೊರಟ ಕಬ್ಬಿನ ಟ್ರೇಲರ್

ಸಸ್ಯಶಾಸ್ತ್ರದ ಪ್ರಕಾರ ಕಬ್ಬು ಒಂದು ಜಾತಿಯ ಹುಲ್ಲು. ಉಗಾರ ಬುದ್ರುಕದ ಬಾಬಾಸಾಹೇಬನ ಸಂಸಾರದಲ್ಲಿ ಅದು ಒಂದು ನೆಪ. ಮದುವೆಯಾದ ವರ್ಷ ಹೆಂಡತಿ ಉಜ್ವಲಾ ಸಮುದ್ರ ನೋಡಬೇಕೆಂದಾಗ, ಕಬ್ಬು ಕಾರ್ಖಾನೆಗೆ ಹೋದ ಮೇಲೆ ಹೋಗೋಣ ಎಂದಿದ್ದ. ಕಬ್ಬು ಹೋಯಿತು. ಆಮೇಲೆ ಕಡಿದ ಬುಡದಿಂದ ಚಿಗುರುವ ಕೂಳೆಗೆ ನೀರು ಬಿಡಬೇಕಾಯಿತು, ನೀರಿನ ಹಿಂದೆ ಗೊಬ್ಬರ ಬಂತು, ಗೊಬ್ಬರದ ಹಿಂದೆ ಮಳೆ, ಮಳೆಯ ಹಿಂದೆ ಮತ್ತೆ ಕಬ್ಬು. ಮಗಳು ದೀಪಾಲಿ ಹುಟ್ಟಿ, ಬೆಳೆದು, ಚಿಕ್ಕೋಡಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದತೊಡಗಿದರೂ ಸಮುದ್ರ ಇದ್ದಲ್ಲೇ ಇತ್ತು, ಉಜ್ವಲಾಳೂ ಇದ್ದಲ್ಲೇ ಇದ್ದಳು.

ಈ ವರ್ಷ ಆಕೆ ಬೇಡಲಿಲ್ಲ, ಷರತ್ತು ಹಾಕಿದಳು. ಕಬ್ಬು ಕಡಿಯುವ ಗ್ಯಾಂಗ್ ಹೊಲಕ್ಕೆ ಬಂದಾಗ ಅವರಿಗೆ ಪಾತೇಲಿಗಟ್ಟಲೆ ಚಹಾ ಕಾಯಿಸುವವಳು ಆಕೆಯೇ. ಸಮುದ್ರಕ್ಕಿಂತ ಮೊದಲು ಗ್ಯಾಂಗ್ ಬಂದರೆ ಚಹಾ ಕುದಿಯುವುದಿಲ್ಲ ಎಂದಳು.

ಹೊರಗಿನವರಿಗೆ ಈ ಮಾತಿನ ತೂಕ ತಿಳಿಯಲಿಕ್ಕಿಲ್ಲ. ಹಂಗಾಮಿನಲ್ಲಿ ನಮ್ಮ ಕಡೆಯ ರೈತ ಮನೆಗೆ ಬಂದ ಬೀಗರಿಗಿಂತ ಗ್ಯಾಂಗಿನ ಮುಖಂಡನಿಗೆ ಹೆಚ್ಚು ಮರ್ಯಾದೆ ಕೊಡುತ್ತಾನೆ. ಅವನನ್ನು ಮುಕಾದಮ ಎನ್ನುತ್ತಾರೆ. ಚಹಾ ಸಪ್ಪಗಿದೆ ಎಂದು ಮುಕಾದಮನಿಗೆ ಅನಿಸಿದರೆ ಅವನ ಮಂದಿ ಪಕ್ಕದ ಹೊಲಕ್ಕೆ ಇಳಿಯುತ್ತಾರೆ. ನಮ್ಮ ಕಬ್ಬು ನಿಂತಲ್ಲೇ ತುರಾಯಿ ಬಿಟ್ಟು, ಒಳಗಿನ ಸಕ್ಕರೆಯನ್ನು ತಾನೇ ತಿಂದು ಹಗುರಾಗುತ್ತದೆ. ಬಾಬಾಸಾಹೇಬನ ಪಾಳಿ ಮುಂದಿನ ಸೋಮವಾರ ಎಂದು ಕಾರ್ಖಾನೆಯ ಫೀಲ್ಡ್‌ಮನ್ ಸಿದ್ದಲಿಂಗ ಹೇಳಿದ್ದ. ಅಂದರೆ ಸಮುದ್ರ ಅದಕ್ಕೂ ಮೊದಲೇ ಆಗಬೇಕು.

ಅದೇ ಸುಮಾರಿಗೆ ಬಾಬಾಸಾಹೇಬ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದ. ಪರದೇಶದ ಒಂದು ಕುಟುಂಬ ಚಕ್ರದ ಮೇಲಿನ ಮನೆಯಲ್ಲಿ ಕಾಡು ಸುತ್ತಿ ಕಡಲ ದಂಡೆಗೆ ಬಂದು, ಅಲ್ಲೇ ತತ್ತಿ ಹುರಿದು ತಿನ್ನುತ್ತಿತ್ತು. ಮರುದಿನ ಬೆಳಿಗ್ಗೆ ಚಹಾದಂಗಡಿಯಲ್ಲಿ, ಪಕ್ಕದ ಹೊಲದ ಸಮ್ಮೇದನ ಎದುರು, ತಾನು ಕ್ಯಾರವಾನಿನಲ್ಲಿ ಹೊರಟಿರುವುದಾಗಿ ಸಾರಿದ. ಸಮ್ಮೇದ ತಟ್ಟೆಗೆ ಸುರಿದುಕೊಂಡಿದ್ದ ಚಹಾ ಮುಗಿಸಿ, ಅದು ಯಾವ ಊರು ಎಂದು ಕೇಳಿದ. ಅದು ಊರಲ್ಲ, ಗಾಡಿ, ಎಂದು ತಿಳಿದ ಮೇಲೆ, ಹಾಗಾದರೆ ನಿನ್ನ ಪಾಳಿ ನನಗೆ ಕೊಡು ಎಂದ. ಬಾಬಾಸಾಹೇಬ ಆ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. ಅವನ ಲೆಕ್ಕದಲ್ಲಿ ದಾಜೀಪುರದ ಕಾಡು, ದೇವಗಡದ ಸಮುದ್ರ ಎರಡನ್ನೂ ಮುಗಿಸಿ ಭಾನುವಾರ ಸಂಜೆ ಊರಿಗೆ ಬಂದರೆ ಸೋಮವಾರದ ಪಾಳಿಯೂ ಸಿಕ್ಕಿತು, ಚಹಾವೂ ಸಿಕ್ಕಿತು.

ಕ್ಯಾರವಾನ್ ತಯಾರಾದ ಬಗೆ ಹೀಗೆ. ಮನೆಯಲ್ಲಿ ಒಂದು ಟ್ರ್ಯಾಕ್ಟರ್ ಇತ್ತು, ಕಬ್ಬು ಹೇರುವ ಒಂದು ಟ್ರೇಲರ್ ಇತ್ತು. ಟ್ರೇಲರಿನ ಮೇಲೆ ಕಬ್ಬಿಣದ ಕಮಾನು ಕೂರಿಸಿ ನೀಲಿ ತಾಡಪತ್ರಿ ಹೊದಿಸಿದ. ಒಳಗೆ ಎರಡು ಹೊರಸು, ಗ್ಯಾಸಿನ ಒಲೆ, ನೀರಿನ ಡ್ರಮ್ಮು. ದೀಪಾಲಿ ಪಕ್ಷಿ ನೋಡಲು ಕಾಲೇಜಿನಿಂದ ದುರ್ಬೀನು ತಂದಳು. ಬಾಬಾಸಾಹೇಬನ ತಾಯಿ ಸಕ್ಕುಬಾಯಿ ತನ್ನ ಪಾಲಿನ ಸಾಮಾನು ತಂದಳು: ಬೋಗುಣಿ, ಚಾಪೆ, ಹೊರಗೆ ಗಳುವಿಗೆ ಕಟ್ಟಿದ ತಂಬಿಗೆಗಳು, ಮೇವು ಕೊಯ್ಯಲು ಒಂದು ಕುಡುಗೋಲು, ಮತ್ತು ಹಾಲು ಕೊಡುವ ಒಂದು ಆಡು. ಆಡು ಯಾಕೆಂದು ಮಗ ಕೇಳಿದ್ದಕ್ಕೆ, ಗುರುತಿಲ್ಲದ ಊರಿನ ಹಾಲಿನ ಚಹಾ ತನಗೆ ಒಗ್ಗುವುದಿಲ್ಲ ಎಂದಳು. ಬಾಬಾಸಾಹೇಬ ದೂರ ನಿಂತು ನೋಡಿದ. ಅವನ ಕಣ್ಣಿಗೆ ಅದು ಪರದೇಶದ ಗಾಡಿಯಂತೆಯೇ ಕಂಡಿತು. ಉಳಿದ ಜಿಲ್ಲೆಯ ಕಣ್ಣಿಗೆ ಅದು ಹೇಗೆ ಕಾಣುತ್ತದೆಂದು ಯೋಚಿಸುವ ಅಭ್ಯಾಸ ಅವನಿಗಿರಲಿಲ್ಲ.

ಹಂಗಾಮಿನಲ್ಲಿ ನಮ್ಮ ರಸ್ತೆಯ ಮೇಲೆ ತಾಡಪತ್ರಿ, ಪಾತ್ರೆ, ಮುದುಕಿ ಮತ್ತು ಆಡು ಹೇರಿಕೊಂಡು ಬರುವ ಕಬ್ಬಿನ ಟ್ರೇಲರಿಗೆ ಒಂದೇ ಅರ್ಥ ಇದೆ. ಬಿಜಾಪುರದ ಕಡೆಯಿಂದಲೋ ಮಹಾರಾಷ್ಟ್ರದ ಬೀಡದ ಕಡೆಯಿಂದಲೋ ಕಬ್ಬು ಕಡಿಯುವವರು ಬರುವುದೇ ಹಾಗೆ.

ರಾಯಬಾಗದಲ್ಲಿ ಇಬ್ಬರು ರೈತರು ಕೈ ಮಾಡಿದರು. ಬಾಬಾಸಾಹೇಬ ಪ್ರವಾಸಿಗೆ ತಕ್ಕ ಗಾಂಭೀರ್ಯದಿಂದ ತಿರುಗಿ ಕೈ ಮಾಡಿದ. ಚಿಕ್ಕೋಡಿ ದಾಟಿದ ಮೇಲೆ ಸುರಜ ಎಂಬ ಹುಡುಗುಬುದ್ಧಿಯ ರೈತ ಮೋಟಾರ್ ಸೈಕಲ್ ಮೇಲೆ ಬೆನ್ನು ಹತ್ತಿ ಬಂದು, ಗಾಡಿ ನಿಲ್ಲಿಸಿ, ನಾಲ್ವರಿಗೂ ಕಬ್ಬಿನ ಹಾಲು ಕುಡಿಸಿ, ನಮ್ಮ ಕಡೆ ಯಾವಾಗ ಬರುತ್ತೀರಿ ಎಂದು ಕೇಳಿದ. ಬರುವಾಗ ನೋಡೋಣ ಎಂದ ಬಾಬಾಸಾಹೇಬ. ಮುಂದೆ ಸಾಗಿದ ಮೇಲೆ, ಕ್ಯಾರವಾನ್ ಕಂಡರೆ ಜನರಿಗೆ ಎಷ್ಟು ಕೌತುಕ ನೋಡು ಎಂದು ಹೆಂಡತಿಗೆ ಹೇಳಿದ. ಉಜ್ವಲಾ ದಾರಿಯುದ್ದಕ್ಕೂ ಪಶ್ಚಿಮಕ್ಕೆ ಮುಖ ಮಾಡಿ ಕೂತಿದ್ದಳು.

ನಿಪ್ಪಾಣಿ ಇನ್ನೂ ದೂರವಿದೆ ಎನ್ನುವಾಗ ಟ್ರ್ಯಾಕ್ಟರಿನ ರೇಡಿಯೇಟರ್ ಕುದಿಯತೊಡಗಿತು. ಹೊತ್ತು ಇಳಿಯುತ್ತಿತ್ತು. ರಸ್ತೆಯ ಪಕ್ಕದ ತೋಟದ ಮನೆಯೊಂದರ ಅಂಗಳಕ್ಕೆ ಗಾಡಿ ತಿರುಗಿಸಿ ನೀರು ಕೇಳಿದರು. ಆ ಮನೆಯ ಯಜಮಾನ ದಾದಾಸಾಹೇಬ ಜಗಲಿಯ ಮೇಲೆ ಕೂತು ಅಡಕೆ ಕತ್ತರಿಸುತ್ತಿದ್ದ. ಟ್ರೇಲರ್ ನೋಡಿದವನು ಅಡಕತ್ತಿಯನ್ನು ಅಲ್ಲೇ ಬಿಟ್ಟು, ಕೆಳಗಿಳಿದು, ಎರಡೂ ಕೈ ಜೋಡಿಸಿದ.

ಅವನ ಕಷ್ಟವನ್ನೂ ಹೇಳಬೇಕು. ಅವನ ದೊಡ್ಡ ಹೊಲದ ಕಬ್ಬು ಹೋಗಿ ಆಗಿತ್ತು. ಹಳ್ಳದ ಆಚೆಗೆ ಒಂದು ಸಣ್ಣ ಪಟ್ಟಿ ಉಳಿದಿತ್ತು. ದಾರಿ ಕೆಟ್ಟದ್ದು, ಕಬ್ಬು ಕಡಿಮೆ. ಇಷ್ಟಕ್ಕಾಗಿ ದೊಡ್ಡ ಗ್ಯಾಂಗು ಇಳಿಯುವುದಿಲ್ಲ ಎಂದು ಎಲ್ಲ ಮುಕಾದಮರೂ ಕೈಕೊಟ್ಟಿದ್ದರು. ನಿಮ್ಮದು ಎಷ್ಟು ಮಂದಿ ಎಂದು ಅವನು ಕೇಳಿದ. ನಾಲ್ಕು ಮಂದಿ, ಒಂದು ಆಡು ಎಂದ ಬಾಬಾಸಾಹೇಬ. ತನ್ನ ಪಟ್ಟಿಯ ಅಳತೆಗೆ ಸರಿಯಾಗಿ ಹೊಲಿದ ಗ್ಯಾಂಗನ್ನು ದೇವರೇ ಅಂಗಳಕ್ಕೆ ಕಳಿಸಿದ್ದಾನೆಂದು ದಾದಾಸಾಹೇಬನಿಗೆ ಮನವರಿಕೆಯಾಯಿತು.

ಇಂದು ಇಲ್ಲೇ ಇರಿ ಎಂದು ಹಟ ಹಿಡಿದ. ಅವನ ಹೆಂಡತಿ ಸತ್ತೆವ್ವ ಬಿಸಿನೀರು ಕಾಯಿಸಿದಳು, ಕೋಳಿ ಕೊಯ್ಯಿಸಿದಳು, ಸಕ್ಕುಬಾಯಿಯನ್ನು ಮಾವಶಿ ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆದು ಕಾಲಿಗೆ ಎಣ್ಣೆ ಕೊಟ್ಟಳು. ಪ್ರವಾಸಿಗಳ ಬಗ್ಗೆ ಗಡಿನಾಡಿನವರಿಗೆ ಇರುವ ಪ್ರೀತಿಯನ್ನು ಬಾಬಾಸಾಹೇಬ ಊಟದುದ್ದಕ್ಕೂ ಹೊಗಳಿದ. ಊಟವಾದ ಮೇಲೆ ಯಜಮಾನ ಅವನನ್ನು ಕರೆದೊಯ್ದು, ಹಳ್ಳದ ಆಚೆ ಕತ್ತಲಾಗುತ್ತಿದ್ದ ಕಬ್ಬನ್ನು ತೋರಿಸಿ, ನಿಮ್ಮ ಗಾಡಿಯನ್ನು ಇದರ ಬದಿಗೇ ಹಚ್ಚಿ ಎಷ್ಟು ದಿನ ಬೇಕಾದರೂ ಇರಿ ಎಂದ. ಬಾಬಾಸಾಹೇಬ ಇದನ್ನು ಪ್ರವಾಸಿಗಳಿಗೆ ಕಬ್ಬಿನ ಕಾಡಿನ ಪ್ರಾಣಿ ತೋರಿಸುವ ಏರ್ಪಾಡೆಂದು ತಿಳಿದ.

"ಇದರಾಗ ಪ್ರಾಣಿಗೀಣಿ ಅದಾವೇನ್ರಿ?"

"ಛೇ, ಒಂದೂ ಇಲ್ರಿ. ಇಲಿ ಸೈತ ಇಲ್ಲ."

ಬಾಬಾಸಾಹೇಬನ ಮುಖ ಇಳಿಯಿತು. "ನರಿ?"

"ನರಿ ಹೆಸರ ತಗೀಬ್ಯಾಡ್ರಿ."

"ಒಂದ ನವಿಲರ ಬರತೈತೋ ಇಲ್ಲೋ?"

"ಬಂದ್ರ ಓಡಸ್ತೀನ್ರಿ ನಾ. ನೀವೇನ ಕಾಳಜಿ ಮಾಡಬ್ಯಾಡ್ರಿ."

ಇಷ್ಟು ಜಾಗರೂಕನಾದ ಮುಕಾದಮನನ್ನು ದಾದಾಸಾಹೇಬ ಜೀವಮಾನದಲ್ಲಿ ಕಂಡಿರಲಿಲ್ಲ. ಇಷ್ಟು ಬರಡು ಕಾಡನ್ನು ಬಾಬಾಸಾಹೇಬನೂ ಕಂಡಿರಲಿಲ್ಲ. ಇಬ್ಬರೂ ಒಬ್ಬರ ಮೇಲೊಬ್ಬರು ಮರುಕಪಟ್ಟು ಮಲಗಿದರು.

ಬೆಳಿಗ್ಗೆ ಎದ್ದಾಗ ಹಳ್ಳದ ದಂಡೆಯಲ್ಲಿ ಊರಿನ ಮಂದಿ ಸೇರಿದ್ದರು. ಕಬ್ಬಿನ ಮೊದಲ ಸಾಲಿಗೆ ಅರಿಸಿನ ಕುಂಕುಮ ಹಚ್ಚಲಾಗಿತ್ತು. ಅದರ ಬುಡದಲ್ಲಿ ನಾಲ್ಕು ಕೊಯ್ತಾ, ಅಂದರೆ ಕಬ್ಬು ಕಡಿಯುವ ಕತ್ತಿಗಳು, ಸಾಲಾಗಿ ಮಲಗಿದ್ದವು; ಅವಕ್ಕೂ ಕುಂಕುಮ. ದಾದಾಸಾಹೇಬ ಬಾಬಾಸಾಹೇಬನ ತಲೆಗೆ ಟೋಪಿ ಇಟ್ಟು ಕೈಗೆ ತೆಂಗಿನಕಾಯಿ ಕೊಟ್ಟ. ಬಾಬಾಸಾಹೇಬ ಸಂಕೋಚದಿಂದಲೇ ಕಾಯಿ ಒಡೆದು, ಇಂಥ ಸತ್ಕಾರವನ್ನು ತಮ್ಮ ಕುಟುಂಬ ಮರೆಯುವುದಿಲ್ಲವೆಂದು ನಾಲ್ಕು ಮಾತಾಡಿದ. ಎಲ್ಲರೂ ಅವನನ್ನು ನೋಡುತ್ತ ನಿಂತರು. ಅವನೂ ಎಲ್ಲರನ್ನೂ ನೋಡುತ್ತ ನಿಂತ.

ಕೊನೆಗೆ ದಾದಾಸಾಹೇಬ ಮೆಲ್ಲಗೆ, "ಶುರು ಮಾಡ್ರಿ ಮುಕಾದಮ್ರ," ಎಂದ.

ಸತ್ಯವು ಬಾಬಾಸಾಹೇಬನ ತಲೆಯೊಳಗೆ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಇಳಿದ ಮೇಲೆ ಅವನು ಹೇಳಿದ್ದೆಲ್ಲ ಸತ್ಯವೇ, ಆದರೆ ಸತ್ಯ ಹೇಳುವ ಮುಕಾದಮನನ್ನು ನಂಬುವ ರೈತ ಕೃಷ್ಣೆಯ ಎರಡೂ ದಂಡೆಯಲ್ಲಿ ಸಿಗುವುದಿಲ್ಲ. ತಾನು ಗ್ಯಾಂಗಿನವನಲ್ಲ, ತಾನೇ ಕಬ್ಬಿನ ರೈತ, ದಾಜೀಪುರದ ಕಾಡಿನಲ್ಲಿ ಕಾಡುಕೋಣ ನೋಡಿ ಅಲ್ಲಿಂದ ದೇವಗಡದ ಸಮುದ್ರಕ್ಕೆ ಹೋಗುವವನು ಎಂದ. ದಾದಾಸಾಹೇಬ ತಾಳ್ಮೆಯಿಂದ ತಲೆದೂಗಿದ.

"ಹೋದ ವರ್ಷದಾಂವ ಮಗಳ ಮದಿವಿ ಐತಿ ಅಂದಿದ್ದ. ಅದರ ಹಿಂದಿನಾಂವಗ ಬೆನ್ನ ಹಿಡಿದಿತ್ತು. ನಿಮ್ಮದು ಹೊಸಾದ ಐತಿ. ಕ್ವಾಣ ನೋಡಾಕ ಟ್ರ್ಯಾಕ್ಟರ್ ತಗೊಂಡ ಯಾರರ ಹೋಗ್ಯಾರೇನ್ರಿ? ಖುಷಾಲಿ ಎಷ್ಟ ಬೇಕು, ಹೇಳ್ರಲಾ."

ಖುಷಾಲಿ ಎಂದರೆ ಕೂಲಿಯ ಮೇಲೆ ಮುಕಾದಮನ ಕೈಗೆ ಬೇರೆಯಾಗಿ ತುರುಕುವ ಕಾಣಿಕೆ. ಬೇಡವೆಂದು ಬಾಬಾಸಾಹೇಬ ಕೈ ಆಡಿಸಿದಷ್ಟೂ ಅದು ಏರಿತು. ಅಷ್ಟರಲ್ಲಿ ಚಿಕ್ಕೋಡಿ ಕಡೆಯ ಸುರಜ ಮೋಟಾರ್ ಸೈಕಲ್ ಮೇಲೆ ಹುಡುಕಿಕೊಂಡು ಬಂದು, ಈ ಗ್ಯಾಂಗ್ ಮೊದಲು ತನ್ನ ಕಬ್ಬಿನ ಹಾಲು ಕುಡಿದಿದೆ, ಮಾತು ಕೊಟ್ಟಿದೆ, ಆದ್ದರಿಂದ ತನ್ನದು ಎಂದು ವಾದ ಹೂಡಿದ. ತನ್ನ ಹೊಲಕ್ಕೆ ಬಂದರೆ ಕುರಿ ಕೊಯ್ಯಿಸುತ್ತೇನೆಂದೂ ಸೇರಿಸಿದ. ಊರಿನ ಹಿರಿಯರು ಕಟ್ಟೆಯ ಮೇಲೆ ಕೂತು ಎರಡೂ ಕಡೆಯ ವಾದ ಕೇಳಿ, ಕಬ್ಬಿನ ಹಾಲಿಗಿಂತ ಕೋಳಿ ಭಾರವಾದದ್ದೆಂದು ತೀರ್ಪು ಕೊಟ್ಟರು. ಗ್ಯಾಂಗಿನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಗ್ಯಾಂಗಿನ ಅಭಿಪ್ರಾಯ ಕೇಳುವ ಪದ್ಧತಿಯೇ ಇಲ್ಲ ಎಂಬುದು ಬಾಬಾಸಾಹೇಬನಿಗೆ ರೈತನಾಗಿ ಚೆನ್ನಾಗಿ ಗೊತ್ತಿತ್ತು. ಆ ಪದ್ಧತಿ ಈ ತುದಿಯಿಂದ ಹೇಗೆ ಕಾಣುತ್ತದೆಂಬುದು ಹೊಸದು.

ದಾದಾಸಾಹೇಬ ಎತ್ತಿನ ಗಾಡಿಯೊಂದನ್ನು ತಂದು ದಾರಿಗೆ ಅಡ್ಡ ನಿಲ್ಲಿಸಿ, ಎತ್ತು ಬಿಚ್ಚಿಕೊಂಡು ಹೋದ.

ಉಜ್ವಲಾ ಗಂಡನ ಹತ್ತಿರ ಬಂದು, ಬಹಳ ಸಮಾಧಾನದ ದನಿಯಲ್ಲಿ ಕೇಳಿದಳು.

"ಏನ್ರಿ, ಸಮುದ್ರದಾಗೂ ಕಬ್ಬ ಬೆಳೀತಾರೇನ? ಬೆಳೀತಿದ್ರ ಈಗ ಹೇಳಿಬಿಡ್ರಿ. ಇಲ್ಲಿಂದನ ಬಸ್ ಹಿಡೀತೀನಿ, ಊರಿಗೆ."

ಅಪಾಯದ ಮಟ್ಟವನ್ನು ಬಾಬಾಸಾಹೇಬ ಆಗ ಸರಿಯಾಗಿ ಅಂದಾಜು ಮಾಡಿದ. ಅವನೇನು ಮಾಡುತ್ತಿದ್ದನೋ, ಅಷ್ಟರಲ್ಲಿ ತಾಯಿ ಸಕ್ಕುಬಾಯಿ ಸೀರೆಯ ಕಚ್ಚೆ ಬಿಗಿದು ಕೊಯ್ತಾ ಎತ್ತಿಕೊಂಡಳು. ಕೋಳಿ ತಿಂದದ್ದು ಖರೆ, ಸತ್ತೆವ್ವ ಕಾಲಿಗೆ ಎಣ್ಣೆ ಕೊಟ್ಟದ್ದು ಖರೆ. ಉಂಡ ಮನೆಗೆ ಎರಡು ಸಾಲು ಕಡಿದು ಕೊಟ್ಟು ಮುಂದೆ ನಡೆಯೋಣ ಎಂಬುದು ಆಕೆಯ ನಿಲುವು. ಆಕೆಯ ಮುಂದೆ ವಾದ ಮಾಡಿ ಗೆದ್ದವರು ಮನೆತನದಲ್ಲಿ ಯಾರೂ ಬದುಕಿ ಉಳಿದಿಲ್ಲ. ಹೀಗೆ ಒಂದು ಕುಟುಂಬದ ರಜೆಯ ಪ್ರವಾಸ ಕಬ್ಬಿನೊಳಗೆ ಇಳಿಯಿತು.

ಬಾಬಾಸಾಹೇಬ ಜೀವಮಾನವಿಡೀ ಕಬ್ಬು ಬೆಳೆದವನು, ಆದರೆ ಕಡಿದವನಲ್ಲ. ಕಡಿಯುವವರ ಬೆನ್ನ ಹಿಂದೆ ಬದುವಿನ ಮೇಲೆ ನಿಂತು, ಕೈ ಹಿಂದೆ ಕಟ್ಟಿಕೊಂಡು, ಬುಡಕ್ಕ ಕಡೀರೆಪಾ ಎಂದು ಕೂಗುವುದಷ್ಟೇ ಅವನ ಕೆಲಸವಾಗಿತ್ತು. ಕೂಗಿಗೆ ಕಾರಣವಿಲ್ಲದೆ ಇಲ್ಲ. ಕಬ್ಬಿನಲ್ಲಿ ಹೆಚ್ಚು ಸಕ್ಕರೆ ಇರುವುದು ಬುಡದ ಗಣಿಕೆಗಳಲ್ಲಿ. ಮೇಲೆ ಕಡಿದರೆ ತೂಕವೂ ಹೋಯಿತು, ಮುಂದಿನ ಕೂಳೆಯೂ ಸರಿಯಾಗಿ ಚಿಗುರುವುದಿಲ್ಲ. ಆದರೆ ಬುಡಕ್ಕೆ ಕಡಿಯಬೇಕೆಂದರೆ ಬುಡದ ತನಕ ಬಗ್ಗಬೇಕು ಎಂಬ ಸರಳ ರೇಖಾಗಣಿತ ಅವನಿಗೆ ಈವರೆಗೆ ಹೊಳೆದಿರಲಿಲ್ಲ. ಅವನ ಹೊಟ್ಟೆ ಮೊಣಕಾಲಿನ ಎತ್ತರಕ್ಕಿಂತ ಕೆಳಗೆ ಬಗ್ಗಲು ಒಪ್ಪಲಿಲ್ಲ. ಆದ್ದರಿಂದ ಅವನು ಮೊಣಕಾಲಿನ ಎತ್ತರಕ್ಕೇ ಕಡಿದ.

ಹಿಂದಿನ ಬದುವಿನಿಂದ ದಾದಾಸಾಹೇಬನ ದನಿ ಬಂತು. ಬುಡಕ್ಕ ಕಡೀರೆಪಾ.

ಶಬ್ದಗಳೂ ಅವೇ, ಧಾಟಿಯೂ ಅದೇ. ಬಾಬಾಸಾಹೇಬ ತಾನೇ ಕೂಗಿದೆನೇನೋ ಎಂದು ಒಂದು ಗಳಿಗೆ ತಿರುಗಿ ನೋಡಿದ.

ಉಜ್ವಲಾ ಗಂಡನಿಗಿಂತ ಮುಂದಿದ್ದಳು. ಪ್ರತಿಯೊಂದು ಕಬ್ಬನ್ನೂ ಆಕೆ ಯಾವುದೋ ಹಳೆಯ ಲೆಕ್ಕ ಚುಕ್ತಾ ಮಾಡುವಂತೆ ಕಡಿಯುತ್ತಿದ್ದಳು. ಸಕ್ಕುಬಾಯಿ ಕಡಿದದ್ದು ಕಡಿಮೆ, ಉಳಿದವರು ತಪ್ಪು ಮಾಡುತ್ತಿದ್ದಾರೆಂದು ಹೇಳಿದ್ದು ಹೆಚ್ಚು. ದೀಪಾಲಿ ಮಾತ್ರ ಕೊಯ್ತಾ ಕೆಳಗಿಟ್ಟು ದುರ್ಬೀನು ಹಿಡಿದಿದ್ದಳು. ಹುಲ್ಲಿನ ಕಾಡೂ ಒಂದು ಕಾಡೇ. ಅದು ಒಂದು ಬದಿಯಿಂದ ಕಡಿಮೆಯಾಗುತ್ತ ಹೋದಂತೆ ಒಳಗಿನ ನಿವಾಸಿಗಳೆಲ್ಲ ಉಳಿದ ಮೂಲೆಗೆ ಸೇರುತ್ತಾರೆ. ಮೊದಲು ಒಂದು ಮೊಲ ಹಾರಿ ಹಳ್ಳಕ್ಕೆ ಇಳಿಯಿತು. ಅದರ ಬೆನ್ನಿಗೆ ಗೌಜಲ ಹಕ್ಕಿಯ ಹಿಂಡೊಂದು ಮರಿಗಳ ಸಮೇತ ಸಾಲಾಗಿ ಹೊರಟಿತು. ಕಡೆಗೆ ಒಂದು ಕಾಡುಬೆಕ್ಕು, ಬಾಲಕ್ಕೆ ಕಪ್ಪು ಉಂಗುರ, ಬದುವಿನ ಮೇಲೆ ಕೂತು ದಾದಾಸಾಹೇಬನನ್ನು ಒಮ್ಮೆ ನೋಡಿ, ಅವಸರವಿಲ್ಲದೆ ಎದ್ದು ಹೋಯಿತು. ದೀಪಾಲಿ, ಪಪ್ಪಾ, ಪಪ್ಪಾ ಎಂದು ಕರೆದಳು. ಪಪ್ಪ ನೆಟ್ಟಗಾಗುವ ಸ್ಥಿತಿಯಲ್ಲಿರಲಿಲ್ಲ. ಇಲಿ ಸಹ ಇಲ್ಲ ಎಂದಿದ್ದ ದಾದಾಸಾಹೇಬ ಮುಕಾದಮನ ಮುಂದೆ ತನ್ನ ಮಾತು ಸುಳ್ಳಾಯಿತಲ್ಲ ಎಂದು ನಾಚಿಕೊಂಡ.

ನಾಚಿಕೆ ಹೆಚ್ಚು ಹೊತ್ತು ಉಳಿಯಲಿಲ್ಲ. ಬದುವಿನಿಂದ ಕೆಳಗಿಳಿದವನು ಬಾಬಾಸಾಹೇಬ ಬಿಟ್ಟುಬಂದ ಮೋಟು ಕೂಳೆಗಳನ್ನು ಒಂದೊಂದಾಗಿ ನೋಡುತ್ತ ನಡೆದ. ಅವನ ಮುಖದಲ್ಲಿ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡುತ್ತ ನಡೆಯುವವರ ಕಳೆ ಇತ್ತು. ಹೀಗಲ್ಲ, ಹೀಗೆ ಎಂದು ಕೊಯ್ತಾ ಕಸಿದುಕೊಂಡು ತೋರಿಸಿದ. ಬಾಬಾಸಾಹೇಬ ಮತ್ತೆ ಮೊಣಕಾಲಿಗೇ ಕಡಿದ. ದಾದಾಸಾಹೇಬ ಮತ್ತೆ ತೋರಿಸಿದ. ಹೀಗೆ ಕಲಿಸುವ ಸಿಟ್ಟಿನಲ್ಲಿ ಬಿಸಿಲೇರುವ ಹೊತ್ತಿಗೆ ಅರ್ಧ ಪಟ್ಟಿಯನ್ನು ತಾನೇ ಕಡಿದು ಮುಗಿಸಿದ. ಸತ್ತೆವ್ವ ಗಂಡನೊಬ್ಬನನ್ನೇ ಬಿಡಲಾಗದೆ ತಾನೂ ಇಳಿದಳು. ಆಮೇಲೆ ಒಂದು ಹಂತದಲ್ಲಿ ದಾದಾಸಾಹೇಬ ಕೊಯ್ತಾ ಕೆಳಗೆ ಬಿಟ್ಟು, ಸೊಂಟದ ಮೇಲೆ ಕೈಯಿಟ್ಟು, ಬಾಬಾಸಾಹೇಬ ಕಡಿದ ಸಾಲನ್ನೂ ಬಾಬಾಸಾಹೇಬನ ಹೊಟ್ಟೆಯನ್ನೂ ಬಹಳ ಹೊತ್ತು ನೋಡಿದ. ಊರ ಮಂದಿಯ ಕಡೆ ತಿರುಗಿದ.

"ಇಂವ ಹೇಳಿದ್ದ ಖರೇ ಐತ್ರೆಪಾ. ಇಷ್ಟ ಕೆಟ್ಟ ಕಡಿಯಾಂವ ಗ್ಯಾಂಗಿನಾಂವ ಆಗಾಕ ಸಾಧ್ಯನ ಇಲ್ಲ. ಇಂವ ಹೊಲದ ಮಾಲಕನ ಇರಬೇಕು."

ಹಿರಿಯರು ಬಂದು ಕೂಳೆ ನೋಡಿ, ಹೌದೆಂದು ಒಪ್ಪಿದರು. ಆಧಾರ್ ಕಾರ್ಡ್ ತೋರಿಸಿದ್ದರೂ ಇಷ್ಟು ಬೇಗ ಒಪ್ಪುತ್ತಿರಲಿಲ್ಲ. ಸುರಜ ತನ್ನ ಹಕ್ಕನ್ನು ಅಲ್ಲೇ ಬಿಟ್ಟುಕೊಟ್ಟು, ಬಂದ ದಾರಿಯಲ್ಲಿ ವಾಪಸು ಹೋದ. ದಾದಾಸಾಹೇಬ ಎತ್ತಿನ ಗಾಡಿ ಸರಿಸಿದ. ತಪ್ಪಾಯಿತೆಂದು ಹೇಳುವ ಬದಲು ಆಡಿಗೆಂದು ಹಸಿ ಕಬ್ಬಿನ ಸೋಗೆಯ ದೊಡ್ಡ ಹೊರೆಯೊಂದನ್ನು ಟ್ರೇಲರಿನಲ್ಲಿ ತುಂಬಿಸಿದ. ಸತ್ತೆವ್ವ ಬುತ್ತಿ ಕಟ್ಟಿದಳು. ಉಳಿದ ಪಟ್ಟಿಯ ಗತಿ ಏನೆಂದು ಸಕ್ಕುಬಾಯಿ ಕೇಳಿದ್ದಕ್ಕೆ, ಶುರು ಮಾಡಿದ್ದೇವಲ್ಲ, ನಾವೇ ಮುಗಿಸುತ್ತೇವೆ, ನೀವು ಹೋಗಿಬನ್ನಿ, ಬರುವಾಗ ಮಾತ್ರ ನಮ್ಮ ಹೊಲದ ಕಡೆ ಇಳಿಯಬೇಡಿ ಎಂದಳು.

ದಾಜೀಪುರದ ಕಾಡಿನ ಗೇಟಿನಲ್ಲಿ ಟ್ರ್ಯಾಕ್ಟರ್ ಒಳಗೆ ಬಿಡುವುದಿಲ್ಲ ಎಂದರು. ಆಡನ್ನಂತೂ ಬಿಡುವುದೇ ಇಲ್ಲ. ಆಡಿನ ಜೊತೆ ಸಕ್ಕುಬಾಯಿ ಹೊರಗುಳಿದಳು. ಮೂವರು ಜೀಪಿನಲ್ಲಿ ಕಾಡೆಲ್ಲ ಸುತ್ತಿದರು. ದೀಪಾಲಿ ದುರ್ಬೀನನ್ನು ಕಣ್ಣಿನಿಂದ ಇಳಿಸಲಿಲ್ಲ. ಕಂಡದ್ದು ಮರ, ಮತ್ತು ಮರಗಳ ಹಿಂದೆ ಇನ್ನಷ್ಟು ಮರ. ಗೈಡು ಒಂದು ಕಡೆ ಇಳಿದು ಸಗಣಿ ತೋರಿಸಿ, ಇದು ಇಂದಿನದೇ ಎಂದು ಸಮಾಧಾನ ಹೇಳಿದ. ಸೋತ ಮುಖ ಹೊತ್ತು ಹೊರಬಂದಾಗ ಸಕ್ಕುಬಾಯಿ ಸೋಗೆ ಖಾಲಿಯಾದ ಟ್ರೇಲರಿನ ಮುಂದೆ ಸಿಟ್ಟಿನಿಂದ ನಿಂತಿದ್ದಳು.

"ಯಾರದೋ ಎಮ್ಮಿ ಹಗ್ಗ ಹರಕೊಂಡ ಬಂದ ಸೋಗಿ ಎಲ್ಲಾ ತಿಂದ ಹೋತು. ಆನಿಯಂಥಾ ಎಮ್ಮಿ. ನಾಲ್ಕೂ ಕಾಲಿಗೆ ಬಿಳಿ ಸಾಕ್ಸ ಹಾಕ್ಯಾರ ಅದಕ್ಕ. ಹಿಂಗ ಶೃಂಗಾರ ಮಾಡಾಕ ಬರತೈತಿ, ಕಟ್ಟಾಕ ಬರೂದಿಲ್ಲ ಮಂದಿಗೆ."

ಕಾಡುಕೋಣದ ಮೊಣಕಾಲಿನಿಂದ ಕೆಳಗಿನ ಭಾಗ ಬೆಳ್ಳಗಿರುತ್ತದೆ ಎಂಬುದನ್ನು ದೀಪಾಲಿ ಪುಸ್ತಕದಲ್ಲಿ ಓದಿದ್ದಳು. ಆಕೆ ಅಜ್ಜಿಯನ್ನು ನೋಡಿದಳು, ಖಾಲಿ ಟ್ರೇಲರ್ ನೋಡಿದಳು, ಸುಮ್ಮನೆ ಹೋಗಿ ಹೊರಸಿನ ಮೇಲೆ ಮಲಗಿಕೊಂಡಳು.

ಮುಂದೆ ಘಾಟು. ಟ್ರ್ಯಾಕ್ಟರ್ ಇಳಿಜಾರಿನಲ್ಲಿ ಮೊದಲ ಗೇರಿನಲ್ಲಿ ಗೊಣಗುತ್ತ ಇಳಿಯಿತು. ಹಿಂದಿನ ಬಸ್ಸುಗಳೆಲ್ಲ ಹಾರ್ನ್ ಹೊಡೆದವು, ಬಾಬಾಸಾಹೇಬ ಯಾರಿಗೂ ತಿರುಗಿ ಕೈ ಮಾಡಲಿಲ್ಲ. ಕೈ ಮೇಲಕ್ಕೆ ಏಳುತ್ತಿರಲಿಲ್ಲ. ಕೆಳಗೆ ಗಾಳಿ ಬದಲಾಯಿತು, ಮಣ್ಣು ಕೆಂಪಾಯಿತು, ಕಬ್ಬು ಎಲ್ಲೂ ಕಾಣದಾಯಿತು. ಅದನ್ನು ಮೊದಲು ಗಮನಿಸಿದವಳು ಉಜ್ವಲಾ. ಶನಿವಾರ ಮಧ್ಯಾಹ್ನ ಒಂದು ತಿರುವಿನಾಚೆ ತೆಂಗಿನಮರಗಳ ನಡುವೆ ಇದ್ದಕ್ಕಿದ್ದಂತೆ ಆಕಾಶ ಕೆಳಗಿನ ತನಕ ಬಂದಿತ್ತು.

ಗಾಡಿ ನಿಲ್ಲುವ ಮೊದಲೇ ಉಜ್ವಲಾ ಇಳಿದು ನಡೆಯತೊಡಗಿದಳು. ಮರಳಿನ ಮೇಲೆ ಚಪ್ಪಲಿ ಬಿಟ್ಟಳು. ಮೊದಲ ತೆರೆ ಪಾದಕ್ಕೆ ಬಂದಾಗ ಒಂದು ಹೆಜ್ಜೆ ಹಿಂದೆ ಸರಿದು, ಎರಡನೆಯದಕ್ಕೆ ತಾನೇ ಎದುರು ಹೋದಳು. ಹಿಂದಿನಿಂದ ಸಕ್ಕುಬಾಯಿ, ಇಷ್ಟು ನೀರಿಟ್ಟುಕೊಂಡು ಇವರು ಕಬ್ಬು ಯಾಕೆ ಹಚ್ಚುವುದಿಲ್ಲ ಎಂದು ಕೇಳುತ್ತ, ಮೊಮ್ಮಗಳ ಕೈ ಹಿಡಿದು ಇಳಿದಳು. ಉಪ್ಪು ನೀರು ಎಂದು ದೀಪಾಲಿ ವಿವರಿಸುತ್ತಿದ್ದಂತೆ ತೆರೆಯೊಂದು ಬಂದು ವಿವರಣೆಯನ್ನು ಪೂರ್ಣಗೊಳಿಸಿತು. ಮೂವರೂ ತೋಯ್ದು ನಗುತ್ತಿದ್ದರು. ಉಜ್ವಲಾಳ ನಗೆ ಟ್ರ್ಯಾಕ್ಟರಿನ ತನಕ ಕೇಳಿಸುತ್ತಿತ್ತು.

ಬಾಬಾಸಾಹೇಬ ಟ್ರ್ಯಾಕ್ಟರಿನ ಮೇಲಿಂದ ಸೊಂಟ ಹಿಡಿದುಕೊಂಡು ಇಳಿಯುತ್ತಿರುವಾಗ ಫೋನು ಬಂತು. ಫೀಲ್ಡ್‌ಮನ್ ಸಿದ್ದಲಿಂಗ. ಗ್ಯಾಂಗ್ ಎರಡು ದಿನ ಮೊದಲೇ ಬಂದಿದೆ, ನಿಮ್ಮ ಹೊಲದ ಬದುವಿನ ಮೇಲೆಯೇ ಕೂತಿದೆ, ನಾಳೆ ಬೆಳಿಗ್ಗೆ ಮಾಲಕರು ಹೊಲದಲ್ಲಿ ಇರಬೇಕು, ಇಲ್ಲವಾದರೆ ಪಾಳಿ ಹೋಯಿತು, ಮುಕಾದಮ ಚಹಾ ಎಲ್ಲಿ ಎಂದು ಕೇಳುತ್ತಿದ್ದಾನೆ ಎಂದು ಒಂದೇ ಉಸಿರಿನಲ್ಲಿ ಹೇಳಿದ. ಈಗಲೇ ಬಸ್ಸು ಹಿಡಿದು ಹೊರಟರೂ ಸಾಕು ಎಂದೂ ಸೂಚಿಸಿದ.

ಬಾಬಾಸಾಹೇಬ ಫೋನು ಕಿವಿಗೆ ಹಿಡಿದು ನೀರಿನ ಕಡೆ ನೋಡಿದ. ಉಜ್ವಲಾ ಅವನನ್ನೇ ನೋಡುತ್ತಿದ್ದಳು. ಫೋನು ಯಾರದೆಂದು ಆಕೆಗೆ ಅಷ್ಟು ದೂರದಿಂದಲೇ ಗೊತ್ತಾಗಿತ್ತು. ನಗು ನಿಂತಿತ್ತು. ಆಕೆ ಸೀರೆಯ ಅಂಚು ಹಿಂಡತೊಡಗಿದ್ದಳು, ಹೊರಡುವವರು ಹಿಂಡುವ ಹಾಗೆ.

"ಸಮ್ಮೇದಗ ಕೊಟ್ಟಬಿಡ್ರಿ ನನ್ನ ಪಾಳಿ," ಎಂದ ಬಾಬಾಸಾಹೇಬ. "ನಮ್ಮ ಗ್ಯಾಂಗ್ ಈಗರ ನೀರಾಗ ಇಳದೈತಿ. ಇಷ್ಟರಾಗ ಏಳೂದಿಲ್ಲ."

ಫೀಲ್ಡ್‌ಮನ್ ಕೂಡಲೇ, ಯಾವ ಗ್ಯಾಂಗು, ಎಷ್ಟು ಮಂದಿ ಎಂದು ಕೇಳಿದ. ಕಡಿಯುವವರು ಸಿಗುತ್ತಾರೆಂದರೆ ಬಿಡುವ ಮನುಷ್ಯನಲ್ಲ ಅವನು.

"ಮೂರ ಮಂದಿ ಇಳದಾರ್ರಿ. ಮುಕಾದಮ ಒಬ್ಬಾಂವ ಉಳದಾನ," ಎಂದು ಬಾಬಾಸಾಹೇಬ ಫೋನನ್ನು ಸೀಟಿನ ಮೇಲಿಟ್ಟು, ಪ್ಯಾಂಟು ಮೊಣಕಾಲಿನ ತನಕ ಮಡಚಲು ನೋಡಿದ. ಬೆನ್ನು ಬಗ್ಗಲಿಲ್ಲ. ಮಡಚದೆಯೇ ಇಳಿದ.